ಅಕ್ಕೋರು ಹೇಳಿ ಬರೆಸಿದ ತಿದ್ದುಪಡಿ

ಅಕ್ಕೋರ ಬೇಸಣದ ಚೀಟಿ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ಇನ್ನೂ ಹಾಗೇ ಇದೆ. ತಿಂಗಳ ಮೇಲಾಯಿತು, ತೆಗೆಯಲು ಯಾರಿಗೂ ಕೈ ಬಂದಿಲ್ಲ. ಬೇಸಣ ಅಂದರೆ ಇಲ್ಲಿಯ ಗುಜರಾತಿಗಳ ಪದ್ಧತಿ. ಸಾವಾದ ಮನೆಗೆ ಬಿಳಿ ಬಟ್ಟೆ ಉಟ್ಟು ಹೋಗಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಕೈ ಮುಗಿದು ಬರುವುದು. ಸಂಜೆ ನಾಲ್ಕರಿಂದ ಆರು ಅಂತ ಬರೆಸಿದ್ದೆವು. ಮೂರೂವರೆಗೇ ಸೂರತ್ತಿನ ಕಾರುಗಳು ಗೇಟಿನ ಹೊರಗೆ ಸಾಲಾಗಿ ನಿಂತವು. ನೀರು ತುಂಬಿಡುವ ಕೆಲಸ ನನ್ನದು. ನೂರು ಲೋಟ ಸಾಕು ಅಂದುಕೊಂಡಿದ್ದೆ, ಸಾಲದೆ ಕೆಳಗಿನ ಮನೆಯಿಂದ ಎರಡು ಸಲ ತರಿಸಬೇಕಾಯಿತು. ಮಕ್ಕಳಿಲ್ಲದ ಹೆಂಗಸು ಅಂತ ಸೊಸೈಟಿಯವರು ಮರುಗುತ್ತಿದ್ದರು. ಬಂದವರನ್ನು ನೋಡಿದ ಮೇಲೆ ಆ ಮಾತು ನಿಂತಿತು. ಬಂದವರೆಲ್ಲ ಅವರ ಶಿಷ್ಯರು. ಅರ್ಧಕ್ಕರ್ಧ ಜನರಿಗೆ ನನಗಿಂತ ಹೆಚ್ಚು ವಯಸ್ಸು.

ನಮ್ಮವರಿಗೆ ಮಕರಪುರದ ಕಾರ್ಖಾನೆಯಲ್ಲಿ ಕೆಲಸವಾಗಿ ನಾವು ತುಮಕೂರಿನಿಂದ ವಡೋದರಾಕ್ಕೆ ಬಂದಾಗ ಮಗಳಿಗೆ ಒಂದು ವರ್ಷ. ಎದುರು ಬಾಗಿಲಿನ ಮೇಲೆ ಇಂಗ್ಲಿಷು, ಗುಜರಾತಿಯ ಕೆಳಗೆ ಕನ್ನಡದಲ್ಲೂ ಹೆಸರು ಬರೆದಿದ್ದನ್ನು ಕಂಡು, ಸಾಮಾನು ಇಳಿಸುವುದನ್ನೂ ಬಿಟ್ಟು ಬಾಗಿಲು ತಟ್ಟಿದ್ದೆ. ಕುಳ್ಳಗಿನ ಮೈ, ದಪ್ಪ ಕನ್ನಡಕ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸು ಬಾಗಿಲು ತೆಗೆದರು. ಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ ಅಂದಾಗ ನಾನು ಮೇಡಂ ಅಂದೆ.

‘ಮೇಡಂ ಅನ್ನಾಕ ನಾ ಏನ್ ಬ್ಯಾಂಕಿನ್ಯಾಗ ಕುಂತೀನೇನವಾ? ಅಕ್ಕೋರ ಅನ್ನು,’ ಅಂದರು.

ಗದಗಿನ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ ಅಂತ ನನಗೆ ಗೊತ್ತಾಗಿದ್ದು ಹಾಗೆ. ಶಾಲೆಯ ಮಕ್ಕಳಿಗೆ ಅವರು ಟೀಚರ್, ಸೊಸೈಟಿಯವರಿಗೆ ಬೆನ್, ನಮ್ಮ ಮನೆಗೆ ಮಾತ್ರ ಅಕ್ಕೋರು. ಅವರ ಯಜಮಾನರು ರೈಲ್ವೆಯಲ್ಲಿದ್ದರಂತೆ. ನಾವು ಬರುವ ಹೊತ್ತಿಗಾಗಲೇ ಅವರು ಗೋಡೆಯ ಮೇಲಿನ ಫೋಟೋ ಆಗಿದ್ದರು.

ಅವರ ಮನೆಯ ಬಾಲ್ಕನಿಯಲ್ಲಿ ಎಲ್ಲ ಗುಜರಾತಿ ಮನೆಗಳಂತೆ ಒಂದು ತೂಗುಯ್ಯಾಲೆ. ಶಾಲೆಯಿಂದ ಬಂದು, ಕೈಕಾಲು ತೊಳೆದು, ಸಂಜೆ ಐದಕ್ಕೆ ಅದರ ಮೇಲೆ ಕೂತರೆಂದರೆ ಒಂದು ಮಗ್ಗುಲಲ್ಲಿ ಉತ್ತರಪತ್ರಿಕೆ, ಇನ್ನೊಂದು ಮಗ್ಗುಲಲ್ಲಿ ಸುಲಿಯಬೇಕಾದ ತೊಗರಿಕಾಯಿ. ಕಾಲಿನ ಹೆಬ್ಬೆರಳಿನಿಂದ ನೆಲ ಒತ್ತಿ ತೂಗಿಕೊಳ್ಳುವರು. ಉಯ್ಯಾಲೆ ನಿಂತಿತೆಂದರೆ ಯಾರೋ ತಪ್ಪು ಬರೆದಿದ್ದಾರೆ ಅಂತ ಅರ್ಥ. ನನ್ನ ಮಗಳು ನಡೆಯಲು ಕಲಿತಿದ್ದೇ ನಮ್ಮ ಬಾಗಿಲಿನಿಂದ ಆ ಉಯ್ಯಾಲೆಯ ತನಕ. ಸಂಜೆಯ ತಿಂಡಿ ಅವಳದು ಅಲ್ಲೇ. ಇಲ್ಲಿ ಸಿಗುವ ಜೋಳ ರೊಟ್ಟಿಗೆ ಒಗ್ಗುವುದಿಲ್ಲ ಅಂತ ಬೈಯುತ್ತಲೇ ಅಕ್ಕೋರು ಸಜ್ಜೆ ರೊಟ್ಟಿ ಬಡಿದು, ಬೆಲ್ಲ ತುಪ್ಪ ಸವರಿ ಕೊಡುವರು. ರೊಟ್ಟಿ ಬಡಿಯುತ್ತಲೇ ಒಂದು ದಿನ ಅಂದಿದ್ದರು: ‘ದೇಶ ಅನ್ನೂದೂ ಹಿಂಗ ನೋಡು. ಒಮ್ಮೆ ಮಾಡಿ ಜಾಡಿಯೊಳಗ ಹಾಕಿ ಇಡಾಕ ಅದು ಉಪ್ಪಿನಕಾಯಿ ಅಲ್ಲ. ದಿನಾ ಬಡೀಬೇಕು.’

ಇತಿಹಾಸ ಅವರಿಗೆ ಪಕ್ಕದ ಬೀದಿಯ ಸುದ್ದಿ. ಜರ್ಮನಿಯ ವಿಷಯ ಬಂದರೆ, ನಮ್ಮ ಮುತ್ತಜ್ಜಿಯ ಅವ್ವ ಹುಟ್ಟಿದಾಗ ಆ ಹೆಸರಿನ ದೇಶವೇ ಇರಲಿಲ್ಲ, ಮೊನ್ನೆ ಮೊನ್ನೆ ಕೂಡಿಸಿಕೊಂಡದ್ದು ಅನ್ನುವರು. ಒಮ್ಮೆ ಸೊಸೈಟಿಯ ಸಭೆಯಲ್ಲಿ ಕೆಳಗಿನ ಮನೆಯವರು ಏನೋ ಮಾತಿಗೆ, ನೀವು ಹೊರಗಿನಿಂದ ಬಂದವರು, ನಿಮಗೆ ಇಲ್ಲಿಯದು ತಿಳಿಯುವುದಿಲ್ಲ ಅಂದುಬಿಟ್ಟರು. ಅವರ ಊರು ಸೂರತ್ ಕಡೆ. ಅಕ್ಕೋರು ಸಿಟ್ಟಾಗಲಿಲ್ಲ. ನಿಮ್ಮ ಅಜ್ಜನ ಸೂರತ್ತೂ ನನ್ನ ಅಜ್ಜನ ಗದಗೂ ಒಂದೇ ಮುಂಬೈ ಸರ್ಕಾರದ ಕೈಕೆಳಗಿದ್ದವು, ಈ ವಡೋದರಾ ಮಾತ್ರ ಮಹಾರಾಜರದು, ಹಾಗೆ ನೋಡಿದರೆ ನಾವಿಬ್ಬರೂ ಇಲ್ಲಿ ಹೊರಗಿನವರೇ, ಅಂತ ಗುಜರಾತಿಯಲ್ಲಿ ತಣ್ಣಗೆ ಲೆಕ್ಕ ಒಪ್ಪಿಸಿದರು. ಆಮೇಲೆ ನನ್ನ ಕಡೆ ತಿರುಗಿ, ‘ನೀ ಅಂತೂ ಮೈಸೂರಾಕಿ. ನಿಂದು ಬ್ಯಾರೇನ ರಾಜ್ಯ’ ಅಂದರು. ಕೆಳಗಿನ ಮನೆಯವರೂ ನಕ್ಕರು. ಅಂದಿನಿಂದ ಅವರು ಅಕ್ಕೋರನ್ನು ಊರಿನ ಕಡೆಯವರು ಅಂತಲೇ ಪರಿಚಯಿಸುವರು.

ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳನ್ನು ಸೂರತ್ತಿಗೆ ಕರೆದುಕೊಂಡು ಹೋಗಿ, ಹಳೆಯ ಇಂಗ್ಲಿಷರ, ಡಚ್ಚರ ಗೋರಿಗಳನ್ನು ತೋರಿಸಿಕೊಂಡು ಬರುವರು. ಒಂದು ವರ್ಷ ಸಹಾಯಕ್ಕೆ ಅಂತ ನಾನೂ ಹೋಗಿದ್ದೆ, ಅರವತ್ತು ಮಕ್ಕಳ ಥೇಪ್ಲಾ ರೊಟ್ಟಿಯ ಪೊಟ್ಟಣಗಳನ್ನು ಎಣಿಸುತ್ತಾ. ಗುಮ್ಮಟ ಕಟ್ಟಿದ, ದೇವಸ್ಥಾನದಷ್ಟು ಎತ್ತರದ ಗೋರಿಗಳು. ಸರಕು ಇಡಲು ಒಂದು ಕೋಣೆ ಬಾಡಿಗೆಗೆ ಕೊಡಿ ಅಂತ ಕೇಳಿಕೊಂಡು ಬಂದವರು ಇವರು, ಸತ್ತ ಮೇಲೆ ಮಲಗಲು ಎಷ್ಟು ಜಾಗ ಹಿಡಿದಿದ್ದಾರೆ ಅಳೆಯಿರಿ, ಅಂತ ಮಕ್ಕಳ ಕೈಗೆ ಅಳತೆಪಟ್ಟಿ ಕೊಟ್ಟರು. ಮಕ್ಕಳು ನಿಜವಾಗಿಯೂ ಅಳೆದರು. ಬರುವಾಗ ರೈಲಿನಲ್ಲಿ ಒಂದು ಮಗುವೂ ಹಾಡಲಿಲ್ಲ. ಸಾಮ್ರಾಜ್ಯ ಅನ್ನುವ ಪದದ ಅಳತೆ ಅವಕ್ಕೆ ಸಿಕ್ಕಿಬಿಟ್ಟಿತ್ತು.

ಒಂದು ಮಾತನ್ನು ಮಾತ್ರ ಅವರು ಯಾರಿಂದಲೂ ಸಹಿಸುತ್ತಿರಲಿಲ್ಲ. ಅಲ್ಕಾಪುರಿಯ ಒಂದು ಸಭಾಂಗಣದಲ್ಲಿ ನಮ್ಮ ಕನ್ನಡದವರೆಲ್ಲ ಸೇರಿ ಆಗಸ್ಟ್ ಹದಿನೈದು ಮಾಡುತ್ತೇವೆ. ಆ ವರ್ಷ ಮುಖ್ಯ ಅತಿಥಿಯಾಗಿ ಬಂದಿದ್ದ ಬ್ಯಾಂಕಿನ ದೊಡ್ಡ ಅಧಿಕಾರಿಯೊಬ್ಬರು ಭಾಷಣದಲ್ಲಿ, ಬ್ರಿಟಿಷರು ನಮಗೆ ಸ್ವಾತಂತ್ರ್ಯ ಕೊಟ್ಟು ಹೋದ ಮೇಲೆ, ಅಂತ ಶುರು ಮಾಡಿದರು. ಮೂರನೇ ಸಾಲಿನಿಂದ ಅಕ್ಕೋರು ಎದ್ದು ನಿಂತರು.

‘ಸಾಹೇಬ್ರ, ಅವರು ಕೊಡಲಿಲ್ರಿ. ನಾವು ತಗೊಂಡ್ವಿ. ಯಾರೂ ಯಾರಿಗೂ ಅದನ್ನ ಕೊಡೂದಿಲ್ಲ.’

ಅಧಿಕಾರಿಗಳು ನಕ್ಕು ಮುಂದುವರಿಯಲು ನೋಡಿದರು. ಅಕ್ಕೋರು ಕೂರಲಿಲ್ಲ. ಕೊನೆಗೆ ಅಧಿಕಾರಿಗಳೇ ಮೈಕಿನಲ್ಲಿ ಆ ವಾಕ್ಯವನ್ನು ತಿದ್ದಿ ಹೇಳಿದರು. ಆಮೇಲೆಯೇ ಇವರು ಕೂತದ್ದು. ಮಗಳು ಆಗ ಐದನೇ ತರಗತಿ. ಮನೆಗೆ ಬರುವ ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಕೂತು, ಕೊಡಲಿಲ್ರಿ, ತಗೊಂಡ್ವಿ, ಅಂತ ಗದಗಿನ ರಾಗದಲ್ಲೇ ಹೇಳಿಕೊಂಡು ಬಂದಳು. ಮನೆಯಲ್ಲಿ ಅರ್ಧ ಹಿಂದಿ, ಅರ್ಧ ಗುಜರಾತಿ ಆಡುವ ಹುಡುಗಿಯ ಬಾಯಲ್ಲಿ ಅಷ್ಟು ನೆಟ್ಟಗಿನ ಕನ್ನಡ ಕೇಳಿ ನಮಗೆ ಹೆಮ್ಮೆಯೋ ಹೆಮ್ಮೆ.

ಅಕ್ಕೋರ ಹೆಸರು ಹೇಳಿದರೆ ಹಳೆಯ ಶಿಷ್ಯರು ಮೊದಲು ನೆನೆಯುವುದು ಫ್ರಾನ್ಸಿನ ಕ್ರಾಂತಿಯ ಪಾಠವನ್ನು. ಎರಡು ಪೀರಿಯಡ್ಡಿನ ಪಾಠ. ಪುಸ್ತಕ ಮುಚ್ಚಿಟ್ಟು, ಸೆರಗು ಬಿಗಿದು, ರೊಟ್ಟಿಯ ಬೆಲೆಯಿಂದ ಶುರು ಮಾಡುವರಂತೆ. ಪ್ಯಾರಿಸ್ಸಿನ ಹೆಂಗಸರು ಮಳೆಯಲ್ಲಿ ಅರಮನೆಗೆ ನಡೆದು ಹೋಗುವಾಗ ಇವರೂ ಬೆಂಚುಗಳ ನಡುವೆ ನಡೆಯುವರಂತೆ. ಬೇರೆ ತರಗತಿಯ ಮಕ್ಕಳು ಕಿಟಕಿಗೆ ಬಂದು ನಿಲ್ಲುತ್ತಿದ್ದರಂತೆ. ಕೊನೆಯ ಮಾತು ಯಾವಾಗಲೂ ಒಂದೇ: ‘ತಮಗೆ ಸಿಕ್ಕ ಸ್ವಾತಂತ್ರ್ಯವನ್ನು ಪ್ಯಾರಿಸ್ಸಿನ ಜನ ತಾವೇ ಇಟ್ಟುಕೊಳ್ಳಲಿಲ್ಲ. ಸಮುದ್ರದಾಚೆಯ ತಮ್ಮ ಗುಲಾಮರಿಗೂ ಹಂಚಿದರು.’ ಗಂಟೆ ಹೊಡೆದರೂ ಯಾರೂ ಏಳುತ್ತಿರಲಿಲ್ಲ ಅಂತ ಅಹಮದಾಬಾದಿನ ಡಾಕ್ಟರೊಬ್ಬರು ನನಗೆ ಹೇಳಿದ್ದಾರೆ. ವಸ್ತ್ರಾಪುರದ ಕೆರೆಯ ಸುತ್ತ ಬೆಳಿಗ್ಗೆ ನಡೆಯುವಾಗ ಅದನ್ನು ಬಾಯಿಪಾಠ ಹೇಳಿಕೊಳ್ಳುತ್ತಿದ್ದರಂತೆ.

ಅವರ ಶಾಲೆಯಲ್ಲೇ ಓದುತ್ತಿದ್ದ ಮಗಳು ಒಂಬತ್ತನೇ ತರಗತಿಗೆ ಬಂದಾಗ ಅಕ್ಕೋರದು ನಿವೃತ್ತಿಗೆ ಮುಂಚಿನ ಕೊನೆಯ ವರ್ಷ. ಅಡುಗೆಮನೆಯಿಂದ ಒಂದು ಪದಾರ್ಥ ಆರಿಸಿ, ಅದು ನಿಮ್ಮ ಮನೆಗೆ ಯಾವ ದಾರಿಯಲ್ಲಿ ಬಂತು ಹುಡುಕಿ ಬನ್ನಿ ಅನ್ನುವುದು ಅವರು ಪ್ರತಿ ವರ್ಷ ಕೊಡುವ ಮನೆಗೆಲಸ. ಯಾರೋ ಮೆಣಸಿನಕಾಯಿ, ಯಾರೋ ಚಹಾ. ಇವಳು ಸಕ್ಕರೆ ತೆಗೆದುಕೊಂಡಳು. ಅಲ್ಕಾಪುರಿಯ ಹಳೆಯ ಪುಸ್ತಕದ ಅಂಗಡಿಯಿಂದ ಅವಳಪ್ಪ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದುಕೊಟ್ಟರು. ಊಟಕ್ಕೆ ಕರೆದರೂ ಬಾರದೆ ಓದಿದಳು. ಕಬ್ಬಿನ ಗದ್ದೆಗಳ ಹೈಟಿ ದ್ವೀಪ, ಅಲ್ಲಿ ದುಡಿದು ಸಾಯುತ್ತಿದ್ದ ಗುಲಾಮರು, ಅವರನ್ನು ಆಳುತ್ತಿದ್ದ ಫ್ರಾನ್ಸು. ಬೇಳೆ ಬೇಯಿಸುತ್ತಾ ನಾನೂ ಅಷ್ಟಿಷ್ಟು ಕೇಳಿಸಿಕೊಂಡೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕ್ರಾಂತಿಯ ಬಗ್ಗೆ ಐದು ಅಂಕದ ಪ್ರಶ್ನೆ ಬಂತು. ಇವಳು ಪಾಠದ ಕೊನೆಯ ಮಾತನ್ನು ಬರೆಯಲಿಲ್ಲ. ಪ್ಯಾರಿಸ್ಸಿನವರು ಹಂಚಿದರು ಅನ್ನುವುದು ಸರಿಯಲ್ಲ, ಪ್ಯಾರಿಸ್ ಕಾನೂನು ಮಾಡುವ ಎರಡು ಮೂರು ವರ್ಷ ಮೊದಲೇ ಆ ಗುಲಾಮರು ತಾವಾಗಿ ಎದ್ದಿದ್ದರು, ಪ್ಯಾರಿಸ್ಸಿಗೆ ಒಪ್ಪದೆ ದಾರಿಯಿರಲಿಲ್ಲ, ಅಂತ ಬರೆದಳು. ಎರಡು ಅಂಕ ಬಂತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ತರಗತಿಯಲ್ಲಿ ಹೇಳಿದ್ದನ್ನು ಬರೆ.

ಪತ್ರಿಕೆ ಕೊಟ್ಟ ದಿನ ಇವಳು ಎದ್ದು ನಿಂತು, ಟೀಚರ್, ಯಾರೂ ಯಾರಿಗೂ ಕೊಡುವುದಿಲ್ಲ ಅಂತ ನೀವೇ ಹೇಳಿದ್ದಲ್ಲವಾ, ಅಂತ ಕೇಳಿದಳಂತೆ. ನನಗೇ ಇತಿಹಾಸ ಕಲಿಸುವಷ್ಟು ದೊಡ್ಡವಳಾದೆಯಾ, ಕೂತುಕೋ, ಅಂದರಂತೆ ಅಕ್ಕೋರು. ತರಗತಿಯೆಲ್ಲ ನಕ್ಕಿತಂತೆ. ಇದನ್ನು ನನಗೆ ಹೇಳಲು ಅವಳಿಗೆ ನಾಲ್ಕು ದಿನ ಬೇಕಾಯಿತು, ಅದೂ ಸಾರನ್ನ ಕಲಸುತ್ತಾ, ತಟ್ಟೆಯಿಂದ ತಲೆ ಎತ್ತದೆ. ಆವತ್ತಿನಿಂದ ಎದುರು ಮನೆಗೆ ಹೋಗುವುದನ್ನು ನಿಲ್ಲಿಸಿದಳು. ಸಂಜೆ ಐದಕ್ಕೆ ನಮ್ಮ ಬಾಗಿಲು ಹಾಕಿಕೊಳ್ಳುವಳು. ಮುಂದೆ ಇತಿಹಾಸ ಓದುತ್ತೇನೆ ಅನ್ನುತ್ತಿದ್ದವಳು, ಕಾಮರ್ಸ್ ತೆಗೆದುಕೊಳ್ಳುತ್ತೇನೆ ಬಿಡು ಅಂದಳು. ಹದಿಮೂರು ವರ್ಷ ತೆರೆದೇ ಇದ್ದ ಎರಡು ಬಾಗಿಲುಗಳಲ್ಲಿ ಒಂದು ಮುಚ್ಚಿದರೆ ಮನೆ ಎಷ್ಟು ಸಣ್ಣದಾಗುತ್ತದೆ ಅಂತ ಆಗ ತಿಳಿಯಿತು. ನಾನು ಎರಡು ಕಡೆಯೂ ಏನೂ ಕೇಳಲಿಲ್ಲ. ಏನು ಅಂತ ಕೇಳಲಿ.

ಹನ್ನೊಂದನೇ ದಿನ ಅಕ್ಕೋರೇ ಬಂದು ಬಾಗಿಲು ತಟ್ಟಿದರು. ಒಳಗೆ ಬರಲಿಲ್ಲ. ಮಗಳನ್ನು ಕರೆದು, ‘ಆ ಪುಸ್ತಕ ಕೊಡು’ ಅಂದರು. ಇವಳು ಎರಡೂ ಕೈಯಲ್ಲಿ ಹಿಡಿದು ಕೊಟ್ಟು, ಒಳಗೆ ಹೋದಳು. ಆ ವಾರ ಎದುರು ಬಾಲ್ಕನಿಯ ಉಯ್ಯಾಲೆ ಆಡಿದ ಸದ್ದೇ ಕೇಳಲಿಲ್ಲ. ಆಮೇಲೆ ಎರಡು ಶನಿವಾರ ಡಬ್ಬಿ ಕಟ್ಟಿಕೊಂಡು ವಿಶ್ವವಿದ್ಯಾಲಯದ ಲೈಬ್ರರಿಗೆ ಹೋಗಿ ಬಂದರು. ಎರಡನೇ ಶನಿವಾರ ನೇರ ನಮ್ಮ ಅಡುಗೆಮನೆಗೆ ಬಂದು, ಸಿಂಕಿನ ಪಕ್ಕ ಒರಗಿ ನಿಂತರು.

‘ಹುಡುಗಿ ಬರದದ್ದು ಖರೆ ಐತಿ, ತಂಗಿ. ನಾ ಕಲಿಸಿದ್ದು ತಪ್ಪು. ಒಂದ್ ವರ್ಷ ಅಲ್ಲ, ಎರಡ್ ವರ್ಷ ಅಲ್ಲ. ಮೂವತ್ತೊಂದು ವರ್ಷ.’

ಇಲ್ಲಿ ನನ್ನದೊಂದು ತಪ್ಪನ್ನೂ ಬರೆಯಬೇಕು. ಮೂರು ವಾರದಲ್ಲಿ ಅವರ ಬೀಳ್ಕೊಡುಗೆ ಇತ್ತು. ಶಾಲೆಯವರು ಹಳೆಯ ಶಿಷ್ಯರಿಗೆಲ್ಲ ಕಾಗದ ಬರೆದು, ಟೀಚರ್ ಆ ಪಾಠವನ್ನು ಕೊನೆಯ ಸಲ ಮಾಡುತ್ತಾರೆ, ಬನ್ನಿ ಅಂತ ಕರೆದಿದ್ದರು. ಸೂರತ್ತಿನಿಂದ, ಅಹಮದಾಬಾದಿನಿಂದ ಇನ್ನೂರಕ್ಕೂ ಹೆಚ್ಚು ಜನ ಬರುವವರಿದ್ದರು. ಹೋಗಲಿ ಬಿಡಿ ಅಕ್ಕೋರೇ, ಸಣ್ಣ ವಿಷಯ, ಯಾರಿಗೆ ಗೊತ್ತಾಗುತ್ತದೆ, ಆ ಒಂದು ದಿನ ಎಂದಿನಂತೆ ಮಾಡಿಬಿಡಿ, ಅಂದೆ. ಪ್ರಿನ್ಸಿಪಾಲರೂ ಅದನ್ನೇ ಅಂದಿದ್ದರಂತೆ. ಸಿಂಕಿನ ಪಕ್ಕ ಒರಗಿದ್ದ ಅಕ್ಕೋರು ನೆಟ್ಟಗೆ ನಿಂತರು.

‘ದ್ವೀಪದ ಮಂದಿ ಸತ್ತು ಗಳಿಸಿದ್ದನ್ನ ನಾ ಪ್ಯಾರಿಸ್ಸಿನವರ ಹೆಸರಿಗೆ ಬರದೀನಿ. ಅದೇ ಕೆಲಸ ಆ ಬ್ಯಾಂಕಿನ ಸಾಹೇಬ ಮಾಡಿದಾಗ ನಿಂತ್ಕೊಂಡು ತಿದ್ದಿಸಿದಾಕಿ ನಾ. ಈಗ ಸುಮ್ಮನ ಕುಂಡ್ರು ಅಂತೀಯೇನು?’

ಕಾಫಿ ಕೊಟ್ಟೆ, ಕುಡಿಯದೆ ಹೋದರು. ಮಗಳು ಒಳಕೋಣೆಯಲ್ಲಿದ್ದಳು. ಕೇಳಿಸಿತೋ ಇಲ್ಲವೋ ಅಂತ ನಾನು ವಿಚಾರಿಸಲಿಲ್ಲ.

ಬೀಳ್ಕೊಡುಗೆಗೆ ಬರುವುದಿಲ್ಲ ಅಂತ ಹಟ ಹಿಡಿದಿದ್ದ ಮಗಳನ್ನು ಅವಳಪ್ಪ ಹೇಗೋ ಹೊರಡಿಸಿದರು. ಬೆಳಿಗ್ಗೆ ಹತ್ತಕ್ಕೆ ಶಾಲೆಯ ಹಾಲ್ ಕಿಕ್ಕಿರಿದಿತ್ತು. ಸೂರತ್ತಿನ ಸೀರೆ ವ್ಯಾಪಾರಿಗಳು ಬೆಳಗಿನ ರೈಲಿಗೆ ಬಂದಿದ್ದರು. ವಸ್ತ್ರಾಪುರದ ಡಾಕ್ಟರು ಎರಡನೇ ಸಾಲಿನಲ್ಲಿದ್ದರು. ಶಾಲು, ತೆಂಗಿನಕಾಯಿ, ಹಾರ ಎಲ್ಲ ಆಯಿತು. ಅಕ್ಕೋರು ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ಸೆರಗು ಸಿಕ್ಕಿಸಿದರು.

ರೊಟ್ಟಿಯ ಬೆಲೆ ಬಂತು. ಮಳೆ ಬಂತು. ಹೆಂಗಸರು ಅರಮನೆಗೆ ನಡೆದರು; ಮೊಣಕಾಲು ನೋವಿನ ಅಕ್ಕೋರೂ ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆದರು. ಹದಿಮೂರು ವರ್ಷದಿಂದ ಬರೀ ಕೇಳಿದ್ದ ಪಾಠವನ್ನು ನಾನು ನೋಡಿದ್ದು ಅದೇ ಮೊದಲು. ಕೊನೆ ಹತ್ತಿರ ಬಂದಂತೆ ಅಲ್ಲಲ್ಲಿ ನರೆಗೂದಲಿನ ಗಂಡಸರು ಅವರಿಗಿಂತ ಮೊದಲೇ ಆ ವಾಕ್ಯವನ್ನು ಸಣ್ಣಗೆ ಹೇಳತೊಡಗಿದರು, ಸಮುದ್ರದಾಚೆಯ ತಮ್ಮ ಗುಲಾಮರಿಗೂ... ಅಕ್ಕೋರು ಕೈ ಎತ್ತಿ ನಿಲ್ಲಿಸಿದರು. ಆ ಸಾಲು ತಪ್ಪು ಅಂದರು, ಇಂಗ್ಲಿಷಿನಲ್ಲಿ, ಬಿಡಿಸಿ ಬಿಡಿಸಿ. ಆಮೇಲೆ ಎಲ್ಲರೂ ಪೆನ್ನು ತೆಗೆಯಿರಿ ಅಂದರು.

ಮೊದಲು ಜನ ತಮಾಷೆ ಅಂದುಕೊಂಡರು. ಆದರೆ ಪಠ್ಯಪುಸ್ತಕದಲ್ಲಿ ತಪ್ಪು ಸಿಕ್ಕಾಗ ತರಗತಿಯಲ್ಲಿ ಅವರು ಮಾಡುತ್ತಿದ್ದದ್ದೂ ಇದನ್ನೇ ಅಂತೆ. ತಿದ್ದುಪಡಿಯನ್ನು ಹೇಳಿ ಬರೆಸದೆ ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲವಂತೆ. ಸೀರೆ ವ್ಯಾಪಾರಿಗಳಲ್ಲಿ ಹಿರಿಯರೊಬ್ಬರು ಎದ್ದು, ಟೀಚರ್, ಇದನ್ನು ನಾನು ನನ್ನ ಮಗನಿಗೂ ಹೇಳಿಕೊಟ್ಟುಬಿಟ್ಟಿದ್ದೇನೆ, ಏನು ಮಾಡಲಿ, ಅಂದರು.

ಹಾಗಾದರೆ ಎರಡು ಪ್ರತಿ ಬರೆದುಕೋ, ಅಂದರು ಅಕ್ಕೋರು.

ಹಾಲ್ ನಕ್ಕಿತು. ನಗುತ್ತಲೇ ಜನ ಜೇಬು ತಡಕಿದರು. ಡಾಕ್ಟರು ಔಷಧಿ ಬರೆಯುವ ಪ್ಯಾಡ್ ತೆಗೆದು ಅಕ್ಕಪಕ್ಕದವರಿಗೆ ಒಂದೊಂದು ಹಾಳೆ ಹರಿದುಕೊಟ್ಟರು. ಉಳಿದವರು ಆಮಂತ್ರಣ ಪತ್ರಿಕೆಯ ಬೆನ್ನಿಗೆ, ತಿಂಡಿಯ ಡಬ್ಬದ ಮುಚ್ಚಳಕ್ಕೆ. ಪ್ರಿನ್ಸಿಪಾಲರೂ ಕೊನೆಗೆ ಪೆನ್ನು ತೆಗೆದರು. ಅವರು ಹೇಳಿದ್ದನ್ನು ನಾನು ಕನ್ನಡದಲ್ಲೇ ಬರೆದುಕೊಂಡೆ: ‘ಹೈಟಿಯ ಗುಲಾಮರು ಪ್ಯಾರಿಸ್ಸಿನ ಅಪ್ಪಣೆಗೆ ಕಾಯಲಿಲ್ಲ. ಅವರೇ ಎದ್ದರು, ಆಮೇಲೆ ಪ್ಯಾರಿಸ್ ಒಪ್ಪಿತು. ಆ ಸ್ವಾತಂತ್ರ್ಯವನ್ನು ಮತ್ತೆ ಕಿತ್ತುಕೊಳ್ಳಲು ಫ್ರಾನ್ಸಿನ ಸೈನ್ಯ ಬಂದಾಗ ಆ ಸೈನ್ಯವನ್ನು ಸೋಲಿಸಿ ತಮ್ಮ ದೇಶವನ್ನು ಕಟ್ಟಿಕೊಂಡರು. ಇದನ್ನು ನಾನು ಮೂವತ್ತೊಂದು ವರ್ಷ ತಪ್ಪಾಗಿ ಕಲಿಸಿದೆ.’ ಕೊನೆಯ ವಾಕ್ಯವನ್ನೂ ಬರೆಯಿರಿ, ಬಿಡಬೇಡಿ, ಅಂದರು. ಆಮೇಲೆ ನನ್ನ ಮಗಳ ಹೆಸರು, ತರಗತಿ, ವಿಭಾಗ ಹೇಳಿ, ತಿದ್ದಿದವಳು ಇವಳು, ಅದನ್ನೂ ಸೇರಿಸಿ ಅಂದರು. ಇನ್ನೂರು ಜನ ತಲೆ ಬಗ್ಗಿಸಿ ಮಗಳ ಹೆಸರು ಬರೆಯುತ್ತಿದ್ದಾಗ ನಮ್ಮವರು ನನ್ನ ಕೈ ಹಿಡಿದುಕೊಂಡರು. ಮಗಳು ಮಾತ್ರ ಬಿಳಿಚಿಕೊಂಡು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

ಅಷ್ಟಕ್ಕೇ ಮುಗಿಯಿತು ಅಂದುಕೊಂಡರೆ, ಅಕ್ಕೋರು ಕೆಂಪು ಪೆನ್ನು ಹಿಡಿದು ವೇದಿಕೆ ಇಳಿದರು. ಸಾಲು ಸಾಲಾಗಿ ಬಂದು ಒಬ್ಬೊಬ್ಬರದೂ ಓದಿ ನೋಡಿದರು. ಡಾಕ್ಟರ ಅಕ್ಷರ ಓದಲಾಗದೆ ಇನ್ನೊಮ್ಮೆ ಬರೆಸಿದರು. ನನ್ನದಕ್ಕೆ ಒಂದು ಗುರುತು ಹಾಕಿದರು. ನಮ್ಮ ಸಾಲಿನ ಕೊನೆಯಲ್ಲಿದ್ದ ಮಗಳ ಮುಂದೆ ಬಂದು ನಿಂತರು. ಅವಳ ತೊಡೆಯ ಮೇಲಿನ ಕಾಗದ ಖಾಲಿ.

‘ಯಾಕ, ಬರೀಲಿಲ್ಲ?’

‘ನಂದು ಪೇಪರ್‌ನಲ್ಲಿ ಆಲ್ರೆಡಿ ಇದೆ, ಅಕ್ಕೋರೇ. ನೀವು ಎರಡು ಮಾರ್ಕ್ಸ್ ಕೊಟ್ಟಿದ್ರಿ.’

ಅಕ್ಕೋರು ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು.

‘ಖರೆ,’ ಅಂದರು. ‘ಹಂಗಾರ ಏಳು. ಇದನ್ನ ಹಿಡಿ. ಆ ಕಡೀ ಸಾಲೆಲ್ಲಾ ನೀ ನೋಡು. ನನ್ನ ಮೊಣಕಾಲು ಸೋತಾವ.’

ಮಗಳು ಕೆಂಪು ಪೆನ್ನು ಹಿಡಿದು ಆ ಕಡೆಯ ಸಾಲಿಗೆ ಹೋದಳು. ಮೊದಲನೇ ಕುರ್ಚಿಯಲ್ಲಿದ್ದವರು ಸೂರತ್ತಿನ ಆ ಹಿರಿಯ ಸೀರೆ ವ್ಯಾಪಾರಿ. ಎದ್ದು ನಿಂತು, ಎರಡೂ ಪ್ರತಿಗಳನ್ನು ಅವಳ ಮುಂದೆ ಹಿಡಿದರು. ಅವಳು ನಿಧಾನವಾಗಿ ಓದಿದಳು. ಎರಡನೇ ಪ್ರತಿಯಲ್ಲಿ ಕೊನೆಯ ವಾಕ್ಯ ಬಿಟ್ಟುಹೋಗಿತ್ತು. ಟೀಚರು ಮೂವತ್ತೊಂದು ವರ್ಷ ತಪ್ಪಾಗಿ ಕಲಿಸಿದರು ಅಂತ ಮಗನಿಗೆ ಹೇಗೆ ಕೊಡಲಿ ಬೇಟಾ, ಅಂದರು ಅವರು, ದನಿ ತಗ್ಗಿಸಿ.

‘ಬರೀರಿ ಅಂಕಲ್,’ ಅಂದಳು ಮಗಳು. ಅವರು ಬರೆದು ಮುಗಿಸುವ ತನಕ ಅಲ್ಲೇ ನಿಂತಿದ್ದಳು.